ಬಾಂಗ್ ಕೊಟ್ಟ ಹೆಣ್ಣು ಕೋಳಿಯ ತಪ್ಪೇನು?

ತಿಕೋಟಾದಲ್ಲಿರುವ ನನ್ನ ಖಾಲಾರ ಮನೆಯಲ್ಲಿ ಒಂದು ಬೆಳಿಗ್ಗೆ ಹೆಣ್ಣು ಕೋಳಿ ಕೂಗಿತು. ತತ್ತಿ ಇಟ್ಟ ಮೇಲೆ ಊರಿಗೆಲ್ಲ ಸುದ್ದಿ ಹೇಳುವಂತೆ ಕೂಗುತ್ತದಲ್ಲ, ಆ ಕೂಗಲ್ಲ. ಹುಂಜದ ಹಾಗೆ ಕತ್ತು ಚಾಚಿ, ಎದೆ ಉಬ್ಬಿಸಿ, ಸ್ವಲ್ಪ ಒಡೆದ ದನಿಯಲ್ಲಿ ಬಾಂಗ್ ಕೊಟ್ಟಿತು. ಫಜ್ರ್ ನಮಾಝ್ ಮುಗಿಸಿ ತಸ್ಬೀಹ್ ಹಿಡಿದು ಕುಳಿತಿದ್ದ ಖಾಲಾರ ಅತ್ತೆ ಅಲ್ಲಿಂದಲೇ ಕೂಗಿ ಹೇಳಿದರು: "ಮುರ್ಗಿ ಬಾಂಗ್ ದೀ ತೋ ಘರ್ ಕು ಅಚ್ಛಾ ನೈ. ಆಜಿಚ್ ಕಾಟ್ ಡಾಲೋ." ಮನೆಗೆ ಒಳ್ಳೆಯದಲ್ಲ, ಇವತ್ತೇ ಕೊಯ್ದುಬಿಡಿ ಎಂದು. ಗೋಡೆಯಾಚೆಯ ಗೌಡರ ಮನೆಯ ಅಮ್ಮನೂ ಕೇಳಿಸಿಕೊಂಡಿದ್ದರು. "ನಮ್ಮಲ್ಲೂ ಹಂಗ ಅಂತಾರ್ರೀ ಅಕ್ಕಾರ, ಹೆಣ್ಣು ಕೋಳಿ ಕೂಗಬಾರದು" ಎಂದರು. ಈ ವಿಷಯದಲ್ಲಿ ಮಾತ್ರ ನಮ್ಮ ಊರುಗಳಲ್ಲಿ ಹಿಂದೂ ಮುಸ್ಲಿಮ್ ಎಂಬ ಭೇದವೇ ಇಲ್ಲ!

ಆ ಕೋಳಿ ಸಾಮಾನ್ಯದ್ದಲ್ಲ. ಖಾಲಾರ ಹಿತ್ತಿಲಲ್ಲಿ ಆಗ ಹದಿಮೂರು ಜವಾರಿ ಕೋಳಿಗಳಿದ್ದವು. ಅವುಗಳಲ್ಲಿ ಅರ್ಧದಷ್ಟು ಇದೇ ಕೋಳಿಯ ಕಾವಿನಲ್ಲಿ ಹುಟ್ಟಿದವು. ಖಾಲಾ ತತ್ತಿ ಮಾರಿದ ಹಣವನ್ನು ಅಡುಗೆಮನೆಯ ಡಬ್ಬಿಯಲ್ಲಿ ಹಾಕಿಡುತ್ತಾರೆ. ಮಕ್ಕಳ ನೋಟ್‌ಬುಕ್ಕು, ಮೊಹಲ್ಲಾದಲ್ಲಿ ಯಾರದಾದರೂ ಮದುವೆಗೆ ಕೊಡುವ ಮುಯ್ಯಿ, ರಮಝಾನಿನಲ್ಲಿ ಕೊಡುವ ಸದಕಾ ಎಲ್ಲವೂ ಆ ಡಬ್ಬಿಯಿಂದಲೇ. ಗಂಡನನ್ನು ಕೇಳಬೇಕಾಗಿಲ್ಲದ ಹಣ ಎಂದರೆ ಅದೊಂದೇ. ಹಾಗಾಗಿ ಅವರು ಅತ್ತೆಗೆ ಎದುರಾಡಲಿಲ್ಲ, ಕೋಳಿಯನ್ನು ಕೊಯ್ಯಿಸಲೂ ಇಲ್ಲ. ಬುಟ್ಟಿಯ ಕೆಳಗೆ ಮುಚ್ಚಿಟ್ಟರು. ಅದೇ ವಾರ ಮನೆಯ ಹಿರಿಯ ಮಗ ಬೈಕಿನಿಂದ ಬಿದ್ದು ಮೊಣಕೈ ತರಚಿಕೊಂಡ. ಮತ್ತೆ ಮಾತು ಶುರುವಾಯಿತು. ಈ ಸಲ ಬೆರಳು ಕೋಳಿಯ ಕಡೆಗೆ ಮಾತ್ರ ತಿರುಗಲಿಲ್ಲ, ಅದನ್ನು ಉಳಿಸಿಕೊಂಡ ಸೊಸೆಯ ಕಡೆಗೂ ತಿರುಗಿತು.

ಕೋಳಿ ಏಕೆ ಕೂಗಿತು ಎಂದು ತಿಳಿದುಕೊಳ್ಳಲು ಹೊರಟಿದ್ದು ಆಗಲೇ.

ಸಂಗತಿ ಇಷ್ಟು. ಹೆಣ್ಣು ಕೋಳಿಯ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯ ಮಾತ್ರ ಬೆಳೆದಿರುತ್ತದೆ. ಬಲಗಡೆಯದು ಮರಿಯಾಗಿದ್ದಾಗಲೇ ಬೆಳೆಯದೆ ಸಣ್ಣ ಎಳೆಯಾಗಿ ಉಳಿಯುತ್ತದೆ. ವಯಸ್ಸಾಗಿಯೋ, ಗಂಟು ಬೆಳೆದೋ, ಸೋಂಕಿನಿಂದಲೋ ಎಡಗಡೆಯ ಅಂಡಾಶಯ ಕೆಟ್ಟರೆ ಹೆಣ್ಣು ಹಾರ್ಮೋನು ಕಡಿಮೆಯಾಗುತ್ತದೆ. ಆಗ ಬಲಗಡೆ ಸುಮ್ಮನಿದ್ದ ಆ ಎಳೆ ಬೆಳೆದು ಗಂಡು ಹಾರ್ಮೋನನ್ನು ಉತ್ಪಾದಿಸಲು ತೊಡಗುವುದುಂಟು. ಕೋಳಿ ತತ್ತಿ ನಿಲ್ಲಿಸುತ್ತದೆ. ಜುಟ್ಟು ದೊಡ್ಡದಾಗಿ ಕೆಂಪೇರುತ್ತದೆ. ಕಾಲಿನ ಮುಳ್ಳು ಬೆಳೆಯುತ್ತದೆ. ಮುಂದಿನ ಸಲ ಪುಕ್ಕ ಉದುರಿ ಹೊಸದು ಬಂದಾಗ ಹುಂಜದಂತಹ ಪುಕ್ಕವೇ ಬರಬಹುದು. ಜೊತೆಗೆ ಬಾಂಗ್ ಕೂಡ ಕೊಡುತ್ತದೆ. ಇಷ್ಟೆಲ್ಲ ಆಗದೆಯೂ, ಹುಂಜವೇ ಇಲ್ಲದ ಗುಂಪಿನಲ್ಲಿ ಹಿರಿಯ ಹೆಣ್ಣು ಕೋಳಿ ಯಜಮಾನಿಕೆ ವಹಿಸಿಕೊಂಡು ಆಗೊಮ್ಮೆ ಈಗೊಮ್ಮೆ ಕೂಗುವುದೂ ಇದೆ. ಖಾಲಾ ನೆನಪಿಸಿಕೊಂಡು ನೋಡಿದರೆ ಆ ಕೋಳಿ ಎರಡು ತಿಂಗಳಿನಿಂದ ತತ್ತಿಯನ್ನೇ ಇಟ್ಟಿರಲಿಲ್ಲ. ಹೊಟ್ಟೆಯೊಳಗಿನ ಒಂದು ಕಾಯಿಲೆಗೂ ಹುಡುಗನ ಬೈಕಿಗೂ ಏನು ಸಂಬಂಧ?

ನಾವೇ ಹೀಗೆ ಎಂದುಕೊಳ್ಳಬೇಡಿ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ 1474ರಲ್ಲಿ ಒಂದು ‘ಹುಂಜ’ ತತ್ತಿ ಇಟ್ಟಿತೆಂದು ವಿಚಾರಣೆ ನಡೆಸಿ, ಜನರೆದುರು ಸುಟ್ಟುಹಾಕಿದ್ದರು. ಅದು ಬಹುಶಃ ಖಾಲಾರ ಕೋಳಿಯಂಥದ್ದೇ, ಹುಂಜದ ವೇಷ ಬಂದ ಪಾಪದ ಹೆಣ್ಣು ಕೋಳಿಯೇ ಇದ್ದಿರಬೇಕು ಎಂದು ಇಂದಿನವರು ಊಹಿಸುತ್ತಾರೆ.

ಇನ್ನು ಶಕುನದ ಮಾತು. ಹಕ್ಕಿಯನ್ನು ನೋಡಿ ಶಕುನ ಹೇಳುವ ಪದ್ಧತಿ ಅಜ್ಞಾನ ಕಾಲದ ಅರಬರಲ್ಲಿ ಬಲವಾಗಿತ್ತು. ಹಕ್ಕಿ ಬಲಕ್ಕೆ ಹಾರಿದರೆ ಪ್ರಯಾಣ, ಎಡಕ್ಕೆ ಹಾರಿದರೆ ಮನೆಗೆ ವಾಪಸ್. ಅದಕ್ಕೆ ‘ತಿಯರಃ’ ಎಂಬ ಹೆಸರು ಬಂದದ್ದೇ ಹಕ್ಕಿಯಿಂದ. ಪ್ರವಾದಿ ಮುಹಮ್ಮದ್(ಸ)ರು ಅದಕ್ಕೆ ಯಾವ ಆಧಾರವೂ ಇಲ್ಲವೆಂದು ಸ್ಪಷ್ಟವಾಗಿ ತಳ್ಳಿಹಾಕಿದರು (ಬುಖಾರಿ, ಮುಸ್ಲಿಮ್). ತತ್ತಿ ನಿಂತ ಕೋಳಿಯನ್ನು ಬಿಸ್ಮಿಲ್ಲಾ ಹೇಳಿ ಕೊಯ್ದು ಸಾರು ಮಾಡುವುದು ಹಲಾಲ್, ಅದರಲ್ಲಿ ತಪ್ಪಿಲ್ಲ. ನಾನು ಹೇಳುತ್ತಿರುವುದು ಬೇರೆ. ಈ ಕೋಳಿ ನನ್ನ ಮನೆಗೆ ಕೇಡು ತರುತ್ತದೆ ಎಂಬ ಭಯದಿಂದ ಚೂರಿ ಎತ್ತಿದರೆ ಆ ಭಯ ನಮ್ಮ ಈಮಾನಿಗೆ ಒಪ್ಪುವಂಥದ್ದಲ್ಲ.

ಒಂದು ಮಾತು ಸೇರಿಸುತ್ತೇನೆ, ಓದುಗ ಸಹೋದರಿಯರು ಕ್ಷಮಿಸಬೇಕು. ಹೆಣ್ಣು ಕೋಳಿ ಕೂಗಿದರೆ ಬೆಳಗಾದೀತೇ ಎಂಬ ಗಾದೆ ಕೋಳಿಗಾಗಿ ಹುಟ್ಟಿದ್ದಲ್ಲ. ಮನೆಯಲ್ಲಿ ಹೆಣ್ಣುಮಗಳು ಬಾಯಿ ತೆರೆದಾಗ ಹೇಳಲೆಂದೇ ಹುಟ್ಟಿದ್ದು. ಕೋಳಿಯ ಮೇಲಿನ ಸಿಟ್ಟಿನಲ್ಲಿ ಅರ್ಧ ಪಾಲು ಆ ಗಾದೆಯದ್ದೇ ಇರಬೇಕು ಎಂದು ನನಗೆ ಅನಿಸುತ್ತದೆ.

ಅವೂ ಒಂದು ಸಮುದಾಯ

ಭೂಮಿಯ ಮೇಲೆ ನಡೆಯುವ ಪ್ರಾಣಿಗಳೂ ರೆಕ್ಕೆಗಳಿಂದ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬ ಅರ್ಥದ ಮಾತು ಪವಿತ್ರ ಕುರ್‌ಆನಿನ ಅಲ್‌ಅನ್‌ಆಮ್ ಅಧ್ಯಾಯದಲ್ಲಿದೆ (6:38). ಎಷ್ಟೋ ಸಲ ಓದಿದ್ದೇವೆ. ಆದರೆ ಹಿತ್ತಿಲಲ್ಲಿ ಒಂದು ಗಂಟೆ ಸುಮ್ಮನೆ ಕುಳಿತು ಕೋಳಿಗಳನ್ನು ನೋಡಿದಾಗಲೇ ಅದರ ಆಳ ತಿಳಿಯುವುದು.

ಕಾಳು ಚೆಲ್ಲಿ ನೋಡಿ. ಯಾವ ಕೋಳಿ ಮೊದಲು ಬರುತ್ತದೆ, ಯಾವುದು ಯಾವುದಕ್ಕೆ ಕುಕ್ಕುತ್ತದೆ, ಯಾವುದು ಕುಕ್ಕಿಸಿಕೊಂಡು ಸರಿಯುತ್ತದೆ ಎಂಬುದು ಪ್ರತಿದಿನವೂ ಒಂದೇ. ಮೊದಲನೆಯದು ಎಲ್ಲಕ್ಕೂ ಕುಕ್ಕುತ್ತದೆ. ಎರಡನೆಯದು ಮೊದಲನೆಯದನ್ನು ಬಿಟ್ಟು ಉಳಿದವಕ್ಕೆ. ಕೊನೆಯದು ಯಾರಿಗೂ ಕುಕ್ಕುವಂತಿಲ್ಲ, ಎಲ್ಲರಿಂದಲೂ ಕುಕ್ಕಿಸಿಕೊಳ್ಳಬೇಕು. ಇದನ್ನು ಮೊದಲು ಶಾಸ್ತ್ರೀಯವಾಗಿ ಬರೆದಿಟ್ಟವನು ನಾರ್ವೆ ದೇಶದ ಥೋರ್ಲೈಫ್ ಶೆಲ್ಡರುಪ್ ಎಬ್ಬೆ. ಬಾಲ್ಯದಿಂದಲೇ ಕೋಳಿಗಳನ್ನು ನೋಡುತ್ತ, ಬರೆದಿಡುತ್ತ ಬೆಳೆದವನು. 1920ರ ದಶಕದ ಆರಂಭದಲ್ಲಿ ಅದನ್ನು ಪ್ರಕಟಿಸಿದ. ಕಚೇರಿಗಳ ಮೇಲು ಕೀಳಿನ ಬಗ್ಗೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಳಸುವ ‘ಪೆಕಿಂಗ್ ಆರ್ಡರ್’ ಎಂಬ ಮಾತು ಬಂದಿರುವುದು ಕೋಳಿಗೂಡಿನಿಂದ.

ನೋಡಿದವರಿಗೆ ಇದು ಕ್ರೂರ ಎನಿಸುತ್ತದೆ. ಆದರೆ ಕ್ರಮ ಒಮ್ಮೆ ನಿಂತ ಮೇಲೆ ಜಗಳವೇ ಇರುವುದಿಲ್ಲ, ಕತ್ತು ಎತ್ತಿ ನೋಡಿದರೆ ಸಾಕು, ಕಿರಿಯದು ಸರಿಯುತ್ತದೆ. ಜಗಳ ಬರುವುದು ನಾವು ಕ್ರಮ ಕೆಡಿಸಿದಾಗ. ನನ್ನ ಅತ್ತೆಯ ತವರು ಬಬಲೇಶ್ವರ. ಅಲ್ಲಿನ ಸಂತೆಯಿಂದ ಒಮ್ಮೆ ಒಂದು ಕಪ್ಪು ಕೋಳಿ ತಂದು ನಡು ಮಧ್ಯಾಹ್ನ ಉಳಿದವುಗಳ ನಡುವೆ ಬಿಟ್ಟೆವು. ಅರ್ಧ ತಾಸಿನಲ್ಲಿ ಅದರ ತಲೆಯಿಂದ ರಕ್ತ ಬರುತ್ತಿತ್ತು. ರಕ್ತ ಕಂಡರೆ ಕೋಳಿಗಳು ಇನ್ನೂ ಹೆಚ್ಚು ಕುಕ್ಕುತ್ತವೆ. ಅವುಗಳ ಕಣ್ಣನ್ನು ಕೆಂಪು ಬಣ್ಣ ಬಹಳ ಸೆಳೆಯುತ್ತದೆ. ಸಂಜೆಗೆ ಅದು ಉಳಿಯಲಿಲ್ಲ. ಸವತಿ ಮತ್ಸರ ಎಂದು ಮನೆಯವರು ನಕ್ಕರು, ನಮ್ಮ ತಪ್ಪು ಎಂದು ಯಾರೂ ಹೇಳಲಿಲ್ಲ.

ಈಗ ನಾವು ಮಾಡುವುದು ಹೀಗೆ. ಹೊಸ ಕೋಳಿಯನ್ನು ಎರಡು ಮೂರು ವಾರ ದೂರವೇ ಕಟ್ಟಿ ಸಾಕುತ್ತೇವೆ, ರೋಗವಿದ್ದರೆ ಅಷ್ಟರಲ್ಲಿ ತಿಳಿಯುತ್ತದೆ. ಆಮೇಲೆ ಕೆಲವು ದಿನ ಜಾಳಿಗೆಯ ಆಚೆ ಈಚೆ ಒಂದನ್ನೊಂದು ನೋಡಲು ಬಿಡುತ್ತೇವೆ. ಕೊನೆಗೆ ಕತ್ತಲಾದ ಮೇಲೆ ಗೂಡಿನಲ್ಲಿ ಉಳಿದವುಗಳ ಪಕ್ಕ ಕೂರಿಸುತ್ತೇವೆ. ಬೆಳಿಗ್ಗೆ ಸ್ವಲ್ಪ ಕುಕ್ಕಾಟ ಇದ್ದೇ ಇರುತ್ತದೆ. ಆದರೆ ಕಾಳು ಮತ್ತು ನೀರನ್ನು ಎರಡು ಮೂರು ಕಡೆ ಇಟ್ಟರೆ, ಓಡಿ ಅಡಗಲು ಒಂದು ಮರೆಯಿದ್ದರೆ ಜೀವಕ್ಕೆ ಅಪಾಯವಿಲ್ಲ. ಒಂಟಿ ಕೋಳಿ ತರುವುದಕ್ಕಿಂತ ಎರಡನ್ನು ಒಟ್ಟಿಗೆ ತರುವುದು ಮೇಲು.

ಕಾವು ಕೂತ ಕೋಳಿಗೆ ಶಿಕ್ಷೆ

ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಕೋಳಿ ಕಾವಿಗೆ ಕೂತಾಗ, ಅಂದರೆ ಉರ್ದುವಿನವರು ‘ಕುಡಕ್’, ಮರಾಠಿಯವರು ‘ಖುಡುಕ್’ ಎನ್ನುವ ಸ್ಥಿತಿಗೆ ಬಂದಾಗ ಅದು ತತ್ತಿ ನಿಲ್ಲಿಸುತ್ತದೆ. ಮೂಲೆ ಹಿಡಿದು ಕೂರುತ್ತದೆ. ಕೈ ಹಾಕಿದರೆ ಪುಕ್ಕ ಕೆದರಿ ಗುರ್ ಎನ್ನುತ್ತದೆ. ಅದನ್ನು ‘ಬಿಡಿಸಲು’ ನಮ್ಮ ಕಡೆ ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸುತ್ತಾರೆ, ಕಾಲು ಕಟ್ಟಿ ಬಿಸಿಲಿಗೆ ಹಾಕುತ್ತಾರೆ. ಮೂಗಿನ ಹೊಳ್ಳೆಯಲ್ಲಿ ಅದರದೇ ಪುಕ್ಕವನ್ನು ಆರಪಾರಾಗಿ ಚುಚ್ಚಿ ಬಿಡುವುದೂ ಉಂಟು. ನಾನೂ ಬಾಲ್ಯದಲ್ಲಿ ಹಾಗೆ ಮಾಡುವಾಗ ಕೋಳಿಯ ರೆಕ್ಕೆ ಹಿಡಿದುಕೊಟ್ಟಿದ್ದೇನೆ.

ಒಮ್ಮೆ ಪ್ರಯಾಣದಲ್ಲಿ ಕೆಲವು ಸಂಗಾತಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿಹಕ್ಕಿ ಬಂದು ರೆಕ್ಕೆ ಬಡಿಯುತ್ತ ಸುತ್ತತೊಡಗಿತು. ಪ್ರವಾದಿ(ಸ)ರು ಅದನ್ನು ಕಂಡು, ಮರಿಗಳ ವಿಷಯದಲ್ಲಿ ಇದನ್ನು ನೋಯಿಸಿದವರು ಯಾರೆಂದು ವಿಚಾರಿಸಿ, ಅವನ್ನು ಮರಳಿಸಲು ಆಜ್ಞಾಪಿಸಿದರು (ಅಬೂದಾವೂದ್). ಕಾವು ಕೂತ ಕೋಳಿಯ ಗುರ್ ಎನ್ನುವಿಕೆ ಆ ತಾಯಿಹಕ್ಕಿಯ ರೆಕ್ಕೆಬಡಿತವೇ. ಅದು ಹಟವಲ್ಲ, ರೋಗವೂ ಅಲ್ಲ. ದೇಹದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿದಾಗ ಆಗುವ ಕೆಲಸ. ತಾಯಂದಿರಿಗೆ ಹಾಲು ಬರಿಸುವುದೂ ಇದೇ ಹೆಸರಿನ ಹಾರ್ಮೋನು ಎಂದರೆ ನಿಮಗೆ ಅರ್ಥವಾಗುತ್ತದೆ. ಕೋಳಿ ಎದೆಯ ಪುಕ್ಕ ಉದುರಿಸಿಕೊಂಡು ಬರಿ ಚರ್ಮದ ಬಿಸಿಯನ್ನು ನೇರ ತತ್ತಿಗೆ ಕೊಡುತ್ತದೆ. ದಿನಕ್ಕೆ ಒಂದೆರಡು ಸಲ ಮಾತ್ರ ಎದ್ದು ಅವಸರದಲ್ಲಿ ತಿಂದು, ಕುಡಿದು, ಒಂದು ದೊಡ್ಡ ಹಿಕ್ಕೆ ಹಾಕಿ ಮತ್ತೆ ಓಡಿ ಬರುತ್ತದೆ.

ಮರಿ ಬೇಕಿದ್ದರೆ ಇದಕ್ಕಿಂತ ಒಳ್ಳೆಯ ಯಂತ್ರವಿಲ್ಲ. ಕತ್ತಲೆಯ ಮೂಲೆಯಲ್ಲಿ ಅಗಲ ಬುಟ್ಟಿಯಿಟ್ಟು, ಕೆಳಗೆ ಸ್ವಲ್ಪ ಮರಳು ಅಥವಾ ಬೂದಿ, ಮೇಲೆ ಒಣ ಹುಲ್ಲು ಹಾಕಿ. ಒಂದು ವಾರಕ್ಕಿಂತ ಹಳೆಯದಲ್ಲದ ತತ್ತಿಗಳನ್ನು ಹತ್ತು ಹನ್ನೆರಡು, ಕೋಳಿಯ ಗಾತ್ರ ನೋಡಿ, ಸಂಜೆ ಹೊತ್ತಿನಲ್ಲಿ ಒಟ್ಟಿಗೆ ಇಡಿ. ತತ್ತಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಇಲ್ಲವಾದರೆ ಬೇರೆ ಕೋಳಿಗಳು ಬಂದು ಇಟ್ಟ ತಾಜಾ ತತ್ತಿ ಯಾವುದೆಂದು ತಿಳಿಯುವುದಿಲ್ಲ. ಏಳೆಂಟು ದಿನದ ಮೇಲೆ ಕತ್ತಲಲ್ಲಿ ಟಾರ್ಚಿನ ಬೆಳಕು ಹಾಯಿಸಿ ನೋಡಿದರೆ ಬೆಳೆಯುತ್ತಿರುವ ತತ್ತಿಯಲ್ಲಿ ಜೇಡನಂತೆ ಕೆಂಪು ನಾಳಗಳು ಕಾಣುತ್ತವೆ. ಏನೂ ಕಾಣದ್ದು ಗೊಡ್ಡು, ತೆಗೆದುಬಿಡಿ. ಇಪ್ಪತ್ತೊಂದನೆಯ ದಿನಕ್ಕೆ ಮರಿ. ಅದಕ್ಕೂ ಒಂದು ದಿನ ಮೊದಲೇ ಮರಿ ತತ್ತಿಯೊಳಗಿಂದ ಚಿಂವ್ ಎನ್ನುತ್ತದೆ, ತಾಯಿ ಕೆಳದನಿಯಲ್ಲಿ ಕ್ಲಕ್ ಕ್ಲಕ್ ಎಂದು ಉತ್ತರ ಕೊಡುತ್ತದೆ. ಮುಖ ನೋಡುವ ಮೊದಲೇ ದನಿಯ ಪರಿಚಯ! ಚಿಪ್ಪು ಒಡೆಯಲು ತಡವಾಯಿತೆಂದು ನಾವು ಉಗುರಿನಿಂದ ಸುಲಿಯಬಾರದು. ಒಳಗಿನ ರಕ್ತನಾಳ ಇನ್ನೂ ಒಣಗಿರದಿದ್ದರೆ ಮರಿ ಸಾಯುತ್ತದೆ. ಹುಟ್ಟಿದ ಮರಿ ಮೊದಲ ದಿನ ಏನೂ ತಿನ್ನದಿದ್ದರೂ ಹೆದರಬೇಕಾಗಿಲ್ಲ. ಹೊಟ್ಟೆಗೆ ಎಳೆದುಕೊಂಡ ಹಳದಿ ಲೋಳೆಯೇ ಒಂದೆರಡು ದಿನದ ಬುತ್ತಿ.

ಗಿರಿರಾಜ ಕೋಳಿ ಸಾಕಿದವರು ಇವು ಕಾವಿಗೇ ಕೂರುವುದಿಲ್ಲ ಎಂದು ದೂರುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ತಳಿ ಅದು. ತೂಕಕ್ಕೂ ತತ್ತಿಗೂ ಆರಿಸಿ ಬೆಳೆಸಿದ ತಳಿಗಳಲ್ಲಿ ಕಾವಿನ ಗುಣ ಕಡಿಮೆ. ಅವುಗಳ ತತ್ತಿಯನ್ನು ಜವಾರಿ ಕೋಳಿಯ ಕೆಳಗಿಟ್ಟರೆ ಅದು ತನ್ನವೆಂದೇ ಮರಿ ಮಾಡುತ್ತದೆ. ಬಾತುಕೋಳಿಯ ತತ್ತಿಯನ್ನಿಟ್ಟರೂ ಅಷ್ಟೇ, ಮರಿಗಳು ನೀರಿಗಿಳಿದಾಗ ಮಾತ್ರ ದಡದಲ್ಲಿ ನಿಂತು ಗಾಬರಿಯಿಂದ ಕೂಗುತ್ತದೆ.

ಮರಿ ಬೇಡವಾದರೆ ಹಿಂಸೆ ಬೇಕಾಗಿಲ್ಲ. ತಳಕ್ಕೂ ಗಾಳಿಯಾಡುವ ಜಾಳಿಗೆಯ ಪಂಜರವನ್ನು ಎರಡು ಇಟ್ಟಿಗೆಗಳ ಮೇಲಿಟ್ಟು, ಬೆಳಕಿರುವ ನೆರಳಿನಲ್ಲಿ, ನೀರು ಕಾಳು ಕೊಟ್ಟು ಮೂರು ನಾಲ್ಕು ದಿನ ಬಿಡಿ. ಹುಲ್ಲು ಹಾಕಬೇಡಿ. ಹೊಟ್ಟೆಯ ಕೆಳಗೆ ಬೆಚ್ಚಗಿನ ಗೂಡು ಸಿಗದಿದ್ದರೆ ಕಾವು ತಾನಾಗಿ ಇಳಿಯುತ್ತದೆ.

ಕೂಗಿಗೂ ಅರ್ಥವಿದೆ

ಕೋಳಿಗಳಲ್ಲಿ ಸುಮಾರು ಎರಡು ಡಜನ್ ಬಗೆಯ ಕೂಗುಗಳನ್ನು ಅಧ್ಯಯನ ಮಾಡಿದವರು ಗುರುತಿಸಿದ್ದಾರೆ. ಹಳ್ಳಿಯ ಹೆಣ್ಣುಮಕ್ಕಳು ಅವುಗಳಲ್ಲಿ ಹತ್ತನ್ನಾದರೂ ಒಲೆಯ ಮುಂದಿನಿಂದಲೇ ಗುರುತಿಸುತ್ತಾರೆ. ಮೇಲೆ ಹದ್ದು ಕಂಡಾಗ ಹುಂಜದ ಎಚ್ಚರಿಕೆ ಒಂದು ಬಗೆ, ಬೆಕ್ಕೋ ಮುಂಗುಸಿಯೋ ನೆಲದ ಮೇಲೆ ಬಂದಾಗ ಇನ್ನೊಂದು ಬಗೆ. ಮೊದಲನೆಯದನ್ನು ಕೇಳಿದರೆ ಕೋಳಿಗಳು ಕುಗ್ಗಿ ಮರೆಗೆ ಓಡುತ್ತವೆ, ಓರೆಗಣ್ಣಿನಿಂದ ಆಕಾಶ ನೋಡುತ್ತವೆ. ಎರಡನೆಯದಕ್ಕೆ ಕತ್ತು ನೆಟ್ಟಗೆ ಮಾಡಿ ಸುತ್ತ ನೋಡುತ್ತವೆ. ಹದ್ದಿಲ್ಲದೆ ಬರಿ ಧ್ವನಿಮುದ್ರಿತ ಕೂಗನ್ನು ಕೇಳಿಸಿದಾಗಲೂ ಅವು ಹೀಗೆಯೇ ಮಾಡಿದವೆಂದು 1990ರ ದಶಕದ ಪ್ರಯೋಗಗಳು ತೋರಿಸಿವೆ. ಹುಂಜ ಒಂಟಿಯಾಗಿದ್ದರೆ ಹದ್ದನ್ನು ಕಂಡರೂ ಕೂಗುವುದು ಕಡಿಮೆ. ಪಕ್ಕದಲ್ಲಿ ಹೆಣ್ಣು ಕೋಳಿ ಇದ್ದಾಗಲೇ ಕೂಗುತ್ತದೆ.

ಅದೇ ಹುಂಜ ಕಾಳು ಸಿಕ್ಕಾಗ ಟುಕ್ ಟುಕ್ ಎನ್ನುತ್ತ ಎತ್ತಿ ಇಳಿಸಿ ಹೆಣ್ಣು ಕೋಳಿಗಳನ್ನು ಕರೆಯುತ್ತದೆ, ತಾನು ತಿನ್ನದೆ ಅವಕ್ಕೆ ಬಿಡುತ್ತದೆ. ಎಂಥ ಧಾರಾಳಿ ಎನ್ನಬೇಡಿ. ಕೆಲವೊಮ್ಮೆ ಏನೂ ಇಲ್ಲದಿದ್ದರೂ ಹಾಗೆಯೇ ಕರೆಯುತ್ತದೆ. ಎರಡು ಮೂರು ಸಲ ಮೋಸಹೋದ ಹೆಣ್ಣು ಕೋಳಿ ಆಮೇಲೆ ಅದರ ಕರೆಗೆ ತಿರುಗಿಯೂ ನೋಡುವುದಿಲ್ಲ.

ಹುಂಜ ಬೆಳಗಿನ ಜಾವ ಕೂಗುವುದು ಬೆಳಕನ್ನು ಕಂಡು ಅಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಂಜಗಳನ್ನು ಸದಾ ಮಂದ ಬೆಳಕಿನಲ್ಲಿಟ್ಟು ನೋಡಿದರು. ಹೊರಗೆ ಬೆಳಗಾಯಿತೋ ಇಲ್ಲವೋ ತಿಳಿಯದಿದ್ದರೂ ಅವು ಸರಿಸುಮಾರು ದಿನಕ್ಕೊಮ್ಮೆ ಅದೇ ಹೊತ್ತಿಗೆ ಕೂಗುತ್ತಿದ್ದವು. ಅಲ್ಲಾಹನು ಒಳಗೇ ಒಂದು ಗಡಿಯಾರವಿಟ್ಟಿದ್ದಾನೆ. ಇದು 2013ರ ಮಾತು. ಎರಡು ವರ್ಷದ ಮೇಲೆ ಅವರೇ ಇನ್ನೊಂದು ಸಂಗತಿ ಹೇಳಿದರು. ಗುಂಪಿನ ಹಿರಿಯ ಹುಂಜ ಮೊದಲು ಕೂಗುತ್ತದೆ, ಉಳಿದವು ಅಂತಸ್ತಿನ ಕ್ರಮದಲ್ಲಿ ಹಿಂಬಾಲಿಸುತ್ತವೆ. ಆದರೂ ದೀಪ ಹೊತ್ತಿದರೆ, ಗಾಡಿಯ ಸದ್ದಾದರೆ ನಡುವೆ ಕೂಗುವುದೂ ಇದೆ. ರಮಝಾನಿನಲ್ಲಿ ಸಹರಿಗೆಂದು ಹಿತ್ತಿಲ ದೀಪ ಹಾಕಿದೊಡನೆ ನಮ್ಮ ಹುಂಜ ಕೂಗುತ್ತಿತ್ತು. ಸಂಜೆ ಅಥವಾ ನಡುರಾತ್ರಿ ಹುಂಜ ಕೂಗಿದರೆ ಸಾವು ಬರುತ್ತದೆ ಎನ್ನುವವರು ಮೊದಲು ಬೀದಿ ದೀಪವನ್ನು ನೋಡಲಿ. ಹುಂಜದ ಕೂಗು ಕೇಳಿದಾಗ ಅಲ್ಲಾಹನ ಅನುಗ್ರಹವನ್ನು ಬೇಡಿರಿ, ಅದು ದೇವಚರನನ್ನು ಕಂಡಿದೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ (ಬುಖಾರಿ, ಮುಸ್ಲಿಮ್). ನಮಾಝಿಗೆ ಎಬ್ಬಿಸುತ್ತದೆಂಬ ಕಾರಣದಿಂದ ಅದನ್ನು ಬೈಯ್ಯಬಾರದೆಂದೂ ಹೇಳಿದ್ದಾರೆ (ಅಬೂದಾವೂದ್). ಕೂಗು ಕೇಳಿ ದುಆ ಮಾಡಬೇಕಾದ ನಾವು ಕೂಗು ಕೇಳಿ ಹೆದರುತ್ತಿದ್ದೇವೆ.

ಮಗ್ರಿಬ್‌ಗೆ ಮೊದಲೇ ಕೋಳಿಗಳು ಗೂಡು ಸೇರುವುದಕ್ಕೂ ಕಾರಣವಿದೆ. ಹಗಲಿನಲ್ಲಿ ಅವುಗಳ ಕಣ್ಣು ನಮ್ಮದಕ್ಕಿಂತ ಹೆಚ್ಚು ಬಣ್ಣ ಕಾಣುತ್ತದೆ, ನಮಗೆ ಕಾಣದ ನೇರಳಾತೀತ ಬೆಳಕೂ ಕಾಣುತ್ತದೆ. ಆದರೆ ಕತ್ತಲಲ್ಲಿ ಕುರುಡೇ ಸರಿ. ಅದಕ್ಕೇ ರಾತ್ರಿ ಬೆಕ್ಕು ನುಗ್ಗಿದರೆ ಗೂಡಿನಿಂದ ಓಡದೆ ಅಲ್ಲೇ ಸಿಕ್ಕಿಬೀಳುತ್ತವೆ. ಗೂಡಿನ ಬಾಗಿಲನ್ನು ಮರೆತ ಒಂದು ರಾತ್ರಿಯ ಬೆಲೆ ಏನೆಂದು ಕೋಳಿ ಸಾಕಿದ ಎಲ್ಲರಿಗೂ ಗೊತ್ತು.

ನಮ್ಮ ಬಿಸಿಲಿನಲ್ಲಿ

ವಿಜಯಪುರದಲ್ಲಿ ಏಪ್ರಿಲ್ ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಕೋಳಿಯ ಮೈಯ ಬಿಸಿಯೇ ಸುಮಾರು 41 ಡಿಗ್ರಿ, ಬೆವರಿನ ಗ್ರಂಥಿಯಿಲ್ಲ. ಹಾಗಾಗಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ರೆಕ್ಕೆಯನ್ನು ಮೈಯಿಂದ ದೂರ ಹಿಡಿಯುತ್ತದೆ. ಹೀಗೆ ಏದುವಾಗ ರಕ್ತದಲ್ಲಿನ ಇಂಗಾಲದ ಅನಿಲ ಹೊರಹೋಗಿ ಚಿಪ್ಪಿಗೆ ಬೇಕಾದ ಸಾಮಗ್ರಿ ಕಡಿಮೆಯಾಗುತ್ತದೆ. ಬೇಸಿಗೆಯ ತತ್ತಿಯ ಚಿಪ್ಪು ತೆಳುವಾಗಿ ಕೈಯಲ್ಲೇ ಒಡೆಯುವುದು ಅದಕ್ಕೇ. ಒಡೆದ ತತ್ತಿಯ ರುಚಿ ಕಂಡ ಕೋಳಿ ಮುಂದೆ ತಾನೇ ಒಡೆದು ತಿನ್ನಲು ಕಲಿಯುತ್ತದೆ, ಆ ಚಟ ಬಿಡಿಸುವುದು ಬಹಳ ಕಷ್ಟ. ದಿನಕ್ಕೆ ಎರಡು ಸಲ ತತ್ತಿ ಎತ್ತಿ, ಬಳಸಿದ ಚಿಪ್ಪನ್ನು ಒಣಗಿಸಿ ಹುರಿದು, ಚಿಪ್ಪೆಂದು ಗುರುತು ಸಿಗದಷ್ಟು ಪುಡಿ ಮಾಡಿ ಕಾಳಿನ ಜೊತೆ ಕೊಡಿ. ಮಣ್ಣಿನ ಪಾತ್ರೆಯಲ್ಲಿ ನೆರಳಲ್ಲಿ ನೀರಿಡಿ, ಮಧ್ಯಾಹ್ನ ಬದಲಿಸಿ.

ಮಣ್ಣಿನಲ್ಲಿ ಗುಂಡಿ ತೋಡಿ, ಮಗ್ಗುಲಾಗಿ ಬಿದ್ದು, ಕಾಲು ಝಾಡಿಸುತ್ತ ರೆಕ್ಕೆ ಬಡಿಯುವ ಕೋಳಿಯನ್ನು ಕಂಡು ಫಿಟ್ಸ್ ಬಂತೆಂದು ಓಡಿಬಂದ ನಗರದ ಹುಡುಗಿಯನ್ನು ನಾನು ನೋಡಿದ್ದೇನೆ. ಅದು ಅದರ ಸ್ನಾನ. ಒಣ ಮಣ್ಣು ಪುಕ್ಕದ ಹಳೆಯ ಜಿಡ್ಡನ್ನೂ ಹೇನನ್ನೂ ತೆಗೆಯುತ್ತದೆ. ವಿಜಯಪುರದ ಹಳೆಯ ಮೊಹಲ್ಲಾಗಳಲ್ಲಿ ಈಗ ಅಂಗಳವೆಲ್ಲ ಸಿಮೆಂಟಾಗಿದೆ, ಕೋಳಿಗೆ ಹೊರಳಲು ಒಂದು ಹಿಡಿ ಮಣ್ಣಿಲ್ಲ. ಒಂದು ಹಳೆಯ ಬಾಂಡಲಿಯಲ್ಲಿ ಒಣ ಮಣ್ಣೂ ಒಲೆಯ ಬೂದಿಯೂ ಸೇರಿಸಿಟ್ಟರೆ ಸಾಕು. ಕಲ್ಲಿನ ಚೂರು ತಿನ್ನುವುದೂ ಹುಚ್ಚಲ್ಲ. ಕೋಳಿ ಹಸನು ಮಾಡುವಾಗ ಸೀಳಿ ಒಳಗಿನ ಹಳದಿ ಪೊರೆ ಸುಲಿಯುತ್ತೇವಲ್ಲ, ಆ ಪಥರಿ, ಅದೇ ಅದರ ಬೀಸುವ ಕಲ್ಲು. ಹಲ್ಲಿಲ್ಲದ ಕೋಳಿ ಆ ಚೂರುಗಳಿಂದಲೇ ಜೋಳವನ್ನು ಅರೆಯುತ್ತದೆ.

ತಿಕೋಟಾ ಕಡೆಯವರಿಗೆ ಒಂದು ಎಚ್ಚರಿಕೆ. ದ್ರಾಕ್ಷಿ ತೋಟಕ್ಕೆ ಔಷಧ ಹೊಡೆದ ದಿನಗಳಲ್ಲಿ ಕೋಳಿಯನ್ನು ಅತ್ತ ಬಿಡಬೇಡಿ. ಬಿತ್ತನೆಗೆಂದು ಔಷಧ ಸವರಿದ ಬಣ್ಣದ ಜೋಳವನ್ನು ಉಳಿಯಿತೆಂದು ಕೋಳಿಗೆ ಹಾಕಬೇಡಿ.

ವಿಚಿತ್ರವಲ್ಲ, ರೋಗ

ಎಲ್ಲವೂ ಕೋಳಿಯ ಸ್ವಭಾವವಲ್ಲ. ಪುಕ್ಕ ಕೆದರಿ ಕುಗ್ಗಿ ಕೂತು, ಕಣ್ಣು ಮುಚ್ಚಿ, ಹಸಿರು ಹಿಕ್ಕೆ ಹಾಕುತ್ತ, ಕತ್ತು ತಿರುಚಿಕೊಂಡು ಸುತ್ತು ತಿರುಗುವ ಕೋಳಿಯನ್ನು ಕಂಡು ನಜರ್ ತಗುಲಿತೆಂದು ಮೆಣಸಿನಕಾಯಿ ನಿವಾಳಿಸುವವರಿದ್ದಾರೆ. ಅದು ರಾಣಿಖೇತ್ ರೋಗ. ಉತ್ತರಾಖಂಡದ ರಾಣಿಖೇತ್ ಎಂಬ ಊರಿನ ಹೆಸರು ಅದಕ್ಕೆ ಅಂಟಿದೆ. ಬಂದ ಮೇಲೆ ಔಷಧವಿಲ್ಲ, ವಾರದಲ್ಲಿ ಗೂಡು ಖಾಲಿ. ಎಷ್ಟೋ ಹೆಣ್ಣುಮಕ್ಕಳ ಡಬ್ಬಿಯ ಹಣ ಹೋಗುವುದು ಹೀಗೆಯೇ.

ತಡೆಯುವ ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎರಡು ತಿಂಗಳ ಹೊತ್ತಿಗೆ ಚುಚ್ಚುಮದ್ದು. ತೊಂದರೆ ಎಂದರೆ ಒಂದು ಶೀಶೆಯಲ್ಲಿ ನೂರು ಅಥವಾ ಇನ್ನೂ ಹೆಚ್ಚು ಕೋಳಿಗಳಿಗಾಗುವಷ್ಟು ಔಷಧವಿರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಹತ್ತು ಕೋಳಿ ಇರುವವರೊಬ್ಬರಿಗೆ ಇದು ಆಗದ ಮಾತು. ಹತ್ತು ಮನೆಯವರು ಸೇರಿ ಒಂದು ದಿನ ನಿಗದಿ ಮಾಡಿ ಪಶು ಆಸ್ಪತ್ರೆಯಲ್ಲಿ ಕೇಳಿದರೆ ಆಗುತ್ತದೆ. ಖಾಲಾರ ಓಣಿಯಲ್ಲಿ ಈಗ ಹಾಗೆಯೇ ಮಾಡುತ್ತಾರೆ. ಗೌಡರ ಮನೆಯ ಅಮ್ಮನ ಫ್ರಿಜ್ಜಿನಲ್ಲಿ ಮಂಜುಗಡ್ಡೆ, ಖಾಲಾರ ಅಂಗಳದಲ್ಲಿ ಲಸಿಕೆ.

ಒಮ್ಮೆಲೇ ಹಲವು ಕೋಳಿಗಳು ಸತ್ತರೆ ಬರಿಗೈಯಿಂದ ಮುಟ್ಟಬೇಡಿ, ಕೊಯ್ದು ತಿನ್ನುವ ಯೋಚನೆ ಬೇಡ, ಪಶು ವೈದ್ಯರಿಗೆ ತಿಳಿಸಿ. 2025ರಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು.

ಬಾಂಗ್ ಕೊಟ್ಟ ಕೋಳಿಯ ಕಥೆ ಅರ್ಧಕ್ಕೇ ಬಿಟ್ಟೆ. ಅಂಡಾಶಯದ ಮಾತನ್ನು ಖಾಲಾ ತಮ್ಮ ಅತ್ತೆಗೆ ಹೇಳಿದರು. ಅವರು ನಂಬಿದರೆಂದು ಹೇಳಲಾರೆ. ಆದರೆ ಹಕ್ಕಿಯ ಶಕುನದ ಹದೀಸನ್ನು ಜುಮಾದ ದಿನ ಮಗನೇ ಮಸೀದಿಯಿಂದ ಕೇಳಿಕೊಂಡು ಬಂದು ಹೇಳಿದಾಗ ಸುಮ್ಮನಾದರು. ಕೋಳಿ ಮತ್ತೆ ತತ್ತಿ ಇಡಲಿಲ್ಲ. ಕಾವಿಗೂ ಕೂರಲಿಲ್ಲ. ಕಾಳಿಗಾದರೂ ಕೆಲಸ ಮಾಡಬೇಡವೇ ಎಂದು ಖಾಲಾರೇ ಒಮ್ಮೆ ಕೊಯ್ಯುವ ಮನಸ್ಸು ಮಾಡಿ, ಹಿಡಿದ ಮೇಲೆ ಬಿಟ್ಟುಬಿಟ್ಟರಂತೆ. ಕಳೆದ ಸಲ ಹೋದಾಗ ಸಂಜೆ ಹಿತ್ತಿಲಲ್ಲಿ ಕುಳಿತಿದ್ದೆ. ಮಗ್ರಿಬ್ ಅಝಾನಿಗೆ ಇನ್ನೂ ಹತ್ತು ನಿಮಿಷವಿತ್ತು. ಕೋಳಿಗಳು ಒಂದೊಂದಾಗಿ ಗೂಡಿಗೆ ಹತ್ತಿದವು. ಅದು ಕೊನೆಗೆ ಬಂದು ಮೇಲಿನ ಕೋಲಿಗೆ ನೆಗೆಯಿತು, ಉಳಿದವು ಸರಿದು ಜಾಗ ಮಾಡಿದವು. ಖಾಲಾರ ಅತ್ತೆ ಕೋಲೂರಿಕೊಂಡು ಬಂದು ಬಗ್ಗಿ ಎಣಿಸಿದರು. ಲೆಕ್ಕ ಸರಿಯಾದ ಮೇಲೆ ಬಾಗಿಲ ಚಿಲಕ ಹಾಕಿದವರೂ ಅವರೇ.